ಮೊದಲ ಸಲ ಇಳಕಲ್ ಸೀರೆ ಉಡುವವರಿಗೆ

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ನೇಯುವ ಸೀರೆಯ ಅಂದವೆಲ್ಲ ಅದರ ಸೆರಗಿನಲ್ಲಿರುವುದರಿಂದ, ಉಡುವಾಗ ನೆರಿಗೆಗಿಂತ ಮೊದಲು ಸೆರಗಿನ ಲೆಕ್ಕ ಹಾಕುವುದು ಒಳ್ಳೆಯದು. ಒಡಲಿನ ಹಾಸಿನ, ಅಂದರೆ ಉದ್ದಕ್ಕೆ ಹಾಯುವ, ಎಳೆಗಳಿಗೆ ಸೆರಗಿನ ಕೆಂಪು ಎಳೆಗಳನ್ನು ಕುಣಿಕೆ ಹಾಕಿ ಜೋಡಿಸಿರುವ ಗೆರೆಯನ್ನು ಸೀರೆ ಬಿಚ್ಚಿದಾಗಲೇ ಗುರುತಿಸಿಟ್ಟುಕೊಳ್ಳಿ. ಆ ಗೆರೆಯ ಮೇಲೆ ಎಂದಿಗೂ ಪಿನ್ನು ಚುಚ್ಚಬಾರದು.

ಎಂಟು, ಒಂಬತ್ತು ಗಜದ ಸೀರೆಯನ್ನು ಕಚ್ಚೆ ಹಾಕಿ ಉಡುವ ಕ್ರಮವೇ ಬೇರೆ. ಕಲಿಯುವವರಿಗೆ ಸುಮಾರು ಐದೂವರೆ ಮೀಟರಿನ ಆರು ಗಜದ ಸೀರೆ ಸಾಕು. ಒಳಲಂಗ ಹತ್ತಿಯದಾಗಿರಲಿ, ಬಣ್ಣ ಒಡಲಿನ ಬಣ್ಣಕ್ಕೆ ಹತ್ತಿರವಿರಲಿ. ಸೀರೆಯ ಭಾರವನ್ನೆಲ್ಲ ಹೊರುವುದು ಲಂಗದ ಲಾಡಿಯೇ ಆದ್ದರಿಂದ ಅದನ್ನು ಹೊಕ್ಕುಳಿನ ಮಟ್ಟದಲ್ಲಿ, ಉಸಿರಾಟಕ್ಕೆ ತೊಂದರೆಯಾಗದಷ್ಟು ಬಿಗಿಯಾಗಿ ಕಟ್ಟಬೇಕು. ರವಿಕೆಗೆ ಗುಳೇದಗುಡ್ಡದ ಖಣ ಸಿಕ್ಕರೆ ಬೇರೇನೂ ಹುಡುಕಬೇಕಿಲ್ಲ. ಅಂದು ತೊಡುವ ಚಪ್ಪಲಿಯನ್ನು ಮೊದಲೇ ಹಾಕಿಕೊಂಡು ನಿಂತರೆ ಅಂಚು ಎಲ್ಲಿಗೆ ಮುಟ್ಟಬೇಕೆಂಬುದು ಸರಿಯಾಗಿ ತಿಳಿಯುತ್ತದೆ.

ಸೆರಗಿಲ್ಲದ ತುದಿಯನ್ನು ಹೊಕ್ಕುಳಿನ ಬಲಬದಿಯಲ್ಲಿ ಲಂಗಕ್ಕೆ ಸಿಕ್ಕಿಸಿ, ಮುಂಭಾಗದಿಂದ ಎಡಕ್ಕೆ ಒಯ್ದು, ಬೆನ್ನ ಹಿಂದಿನಿಂದ ಸುತ್ತಿ, ಬಲಗಡೆಯಿಂದ ಮತ್ತೆ ಮುಂದಕ್ಕೆ ತನ್ನಿ. ಸುತ್ತುತ್ತಾ ಹೋದಂತೆ ಮೇಲಿನ ಅಂಚನ್ನು ಲಂಗದೊಳಗೆ ಸೇರಿಸುತ್ತಿರಬೇಕು. ಕೆಳಗಿನ ಅಂಚು ಸುತ್ತಲೂ ಒಂದೇ ಮಟ್ಟದಲ್ಲಿ, ನೆಲಕ್ಕೆ ತುಸು ಮೇಲೆ ನಿಲ್ಲಬೇಕು. ಇಳಕಲ್ಲಿನ ಅಗಲ ಅಂಚಿನಲ್ಲಿ ಈ ಮಟ್ಟ ಸ್ವಲ್ಪ ಏರುಪೇರಾದರೂ ದೂರದಿಂದಲೇ ಕಾಣುತ್ತದೆ.

ಈಗ ನೆರಿಗೆ ಹಿಡಿಯುವ ಆತುರ ಬೇಡ. ಉಳಿದ ಸೀರೆಯನ್ನು ಎಡಗಡೆಯಿಂದ ಬೆನ್ನಿಗೆ ಬಳಸಿ, ಬಲ ಕಂಕುಳಿನ ಕೆಳಗಿನಿಂದ ಎದೆಯ ಮೇಲೆ ತಂದು, ಎಡ ಹೆಗಲಿಗೆ ಹಾಕಿ, ಸೆರಗಿನ ತುದಿ ಹಿಂದೆ ಮೊಣಕಾಲಿನವರೆಗೆ ಬರುವಂತೆ ಎಳೆದು, ರವಿಕೆಯ ಹೆಗಲಿಗೆ ತಾತ್ಕಾಲಿಕವಾಗಿ ಪಿನ್ನು ಹಾಕಿ. ಅನೇಕರು ಮೊದಲು ನೆರಿಗೆಯನ್ನೇ ಹಿಡಿಯುತ್ತಾರೆ. ಹಾಗೆ ಮಾಡಿದಾಗ ಕೊನೆಗೆ ಸೆರಗು ಗಿಡ್ಡವಾಗಿ, ಬಿಳಿ ನೇಯ್ಗೆಯ ವಿನ್ಯಾಸವೆಲ್ಲ ಹೆಗಲ ಮಡಿಕೆಯಲ್ಲಿ ಅಡಗಿಹೋಗುತ್ತದೆ.

ಸೆರಗಿಗೆ ಬೇಕಾದುದು ಹೋಗಿ ಹೊಟ್ಟೆಯ ಮುಂದೆ ಸಡಿಲವಾಗಿ ಉಳಿದ ಬಟ್ಟೆಯಷ್ಟೇ ನೆರಿಗೆಗೆ. ಅದನ್ನು ಹೆಬ್ಬೆರಳಿಗೂ ಕಿರುಬೆರಳಿಗೂ ನಡುವೆ ಹಿಡಿಯುತ್ತಾ ಸಮನಾದ ಅಗಲದಲ್ಲಿ ಮಡಿಸಬೇಕು. ಐದರಿಂದ ಏಳು ನೆರಿಗೆ ಬರುವುದು ಸಾಮಾನ್ಯ. ಮೈಕಟ್ಟಿಗೆ ತಕ್ಕಂತೆ ಒಂದೆರಡು ಹೆಚ್ಚು ಕಡಿಮೆಯಾಗಬಹುದು. ನೆರಿಗೆಗಳ ಬಾಯಿ ಎಡಕ್ಕೆ ತಿರುಗಿರುವಂತೆ ಜೋಡಿಸಿ, ಮೇಲ್ತುದಿಗೆ ಒಂದು ಪಿನ್ನು ಹಾಕಿ, ಹೊಕ್ಕುಳಿನ ತುಸು ಎಡಕ್ಕೆ ಲಂಗದೊಳಗೆ ಇಳಿಸಿ. ಹೊಸ ಹತ್ತಿ ಸೀರೆ ಗಂಜಿಯಿಂದ ಸೆಟೆದು ನಿಲ್ಲುವುದುಂಟು. ಆಗ ಇನ್ನೊಬ್ಬರು ಕೆಳಗೆ ಕುಳಿತು ನೆರಿಗೆಗಳನ್ನು ಒಂದೊಂದಾಗಿ ಎಳೆದು ನೀವಿಕೊಟ್ಟರೆ ಕೆಲಸ ಸುಲಭ.

ಕೊನೆಗೆ ಹೆಗಲಿನ ಪಿನ್ನು ತೆಗೆದು ಸೆರಗನ್ನು ಸರಿಪಡಿಸಿಕೊಳ್ಳಿ. ಸಣ್ಣ ಸಣ್ಣ ಮಡಿಕೆ ಮಾಡುವುದಕ್ಕಿಂತ ಇಳಿಬಿಡುವುದೇ ಈ ಸೀರೆಗೆ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಕಸೂತಿ ಹಾಕಿದ ಸೆರಗಾದರಂತೂ ಮಡಿಸಲೇಬಾರದು. ಪಿನ್ನನ್ನು ಮತ್ತೆ ಹಾಕುವಾಗ ಬಟ್ಟೆಯ ಅಡಿಯಿಂದ, ಅಂಚಿನ ಗಟ್ಟಿ ಭಾಗದಲ್ಲಿ ಚುಚ್ಚಿ. ಮನೆಯಿಂದ ಹೊರಡುವ ಮೊದಲು ನಾಲ್ಕು ಮೆಟ್ಟಿಲು ಹತ್ತಿ ಇಳಿದು, ಒಮ್ಮೆ ನೆಲದ ಮೇಲೆ ಕುಳಿತು ಎದ್ದು ನೋಡಿ. ನೆರಿಗೆ ಕಾಲಿಗೆ ಸಿಕ್ಕುತ್ತಿದ್ದರೆ ಪೂರ್ತಿ ಬಿಚ್ಚುವ ಅಗತ್ಯವಿಲ್ಲ, ನೆರಿಗೆಯ ಗುಂಪನ್ನಷ್ಟೇ ಹೊರತೆಗೆದು ಒಂದು ಬೆರಳಿನಷ್ಟು ಮೇಲಕ್ಕೆ ಸಿಕ್ಕಿಸಿದರಾಯಿತು.