ದೀಪಾವಳಿಗೆ ನಾಯಿಮರಿಯೇ? ಮೊದಲು ಇಲ್ಲದ ನಾಯಿಯನ್ನು ಹದಿನೈದು ದಿನ ಸಾಕಿ

ದಸರಾ ಗೊಂಬೆಗಳು ಪೆಟ್ಟಿಗೆ ಸೇರುವ ಹೊತ್ತಿಗೆ ಮನೆಯಲ್ಲಿ ರಾಗ ಶುರುವಾಗುತ್ತದೆ. ‘ಅಪ್ಪಾ, ಹಬ್ಬಕ್ಕೆ ಬಟ್ಟೆ ಬೇಡ, ಪಟಾಕಿನೂ ಬೇಡ, ಒಂದು ನಾಯಿಮರಿ ಕೊಡ್ಸಪ್ಪಾ.’ ಪಟಾಕಿಯೇ ಬೇಡ ಅಂದಿತಲ್ಲ ಎಂದು ಅಪ್ಪ ಅರ್ಧ ಕರಗಿರುತ್ತಾನೆ. ಅಮ್ಮ ಮಾತ್ರ ಒಗ್ಗರಣೆ ಹಾಕುತ್ತಲೇ ಕೇಳುತ್ತಾಳೆ: ‘ಅದರ ಉಚ್ಚೆ ಒರೆಸೋರು ಯಾರು?’

ಆ ಪ್ರಶ್ನೆಗೆ ಉತ್ತರ ಸಿಕ್ಕರೆ ಮುಕ್ಕಾಲು ನಿರ್ಧಾರ ಆದಂತೆಯೇ. ಅಲ್ಲಿಂದಲೇ ಹೊರಡೋಣ.

ಹೆಜ್ಜೆ 1: ಹೆಸರು ಬರೆಯಿರಿ

ಒಂದು ಹಾಳೆ ತೆಗೆದುಕೊಂಡು ಬೆಳಿಗ್ಗೆಯ ವಾಕಿಂಗ್, ಎರಡು ಹೊತ್ತಿನ ಊಟ, ನೆಲ ಒರೆಸುವುದು, ಡಾಕ್ಟರ ಬಳಿ ಒಯ್ಯುವುದು, ಮದುವೆ–ಮುಂಜಿಗೆ ಊರಿಗೆ ಹೋದಾಗ ಯಾರು ಉಳಿಯುವುದು ಎಂದು ಬರೆಯಿರಿ. ಪ್ರತಿಯೊಂದರ ಮುಂದೆ ಒಬ್ಬರ ಹೆಸರಿರಬೇಕು. ‘ಎಲ್ಲರೂ ಸೇರಿ’ ಅಂತ ಬರೆದರೆ ಅಮ್ಮ ಅಂತ ಓದಿಕೊಳ್ಳಿ. ಎಂಟು ವರ್ಷದ ಮಗುವಿನ ಹೆಸರನ್ನು ಪ್ರೀತಿಗೆ ಬರೆಯಬಹುದು, ಹೊಣೆಗೆ ಬರೆಯಬೇಡಿ. ನಾಯಿ ಹತ್ತರಿಂದ ಹದಿನೈದು ವರ್ಷ ಬದುಕುತ್ತದೆ. ಅಷ್ಟರಲ್ಲಿ ಆ ಮಗು ಪಿಯುಸಿ ಮುಗಿಸಿ ಹಾಸ್ಟೆಲ್ ಸೇರಿರುತ್ತದೆ.

ಮನೆಯಲ್ಲಿ ಅಜ್ಜಿ ಇದ್ದರೆ ದೇವರಮನೆ, ಅಡುಗೆಮನೆಯ ಗಡಿಯನ್ನು ಈಗಲೇ ಗೊತ್ತು ಮಾಡಿಕೊಳ್ಳಿ. ಮರಿ ಬಂದ ಮೇಲೆ ಮಡಿಯ ಜಗಳ ತೆಗೆದರೆ ನಾಯಿಗೂ ಸುಖವಿಲ್ಲ, ಅಜ್ಜಿಗೂ ಇಲ್ಲ.

ಹೆಜ್ಜೆ 2: ಇಲ್ಲದ ನಾಯಿಯನ್ನು ಸಾಕಿ

ಹದಿನೈದು ದಿನ, ಒಂದು ದಿನವೂ ತಪ್ಪದಂತೆ. ಬೆಳಿಗ್ಗೆ ಐದೂವರೆಗೆ ಎದ್ದು, ಕೈಯಲ್ಲಿ ಒಂದು ಹಗ್ಗ ಹಿಡಿದು ಇಪ್ಪತ್ತು ನಿಮಿಷ ಬೀದಿ ಸುತ್ತಿ. ಜನ ನಕ್ಕರೆ ನಗಲಿ. ಸಂಜೆ ಆಫೀಸಿನಿಂದ ಬಂದವರು ಕೂರುವ ಮೊದಲೇ ಮತ್ತೊಂದು ಸುತ್ತು. ರಾತ್ರಿ ಎರಡಕ್ಕೆ ಅಲಾರಂ ಇಟ್ಟು, ಎದ್ದು, ಮೆಟ್ಟಿಲಿಳಿದು ಬಾಗಿಲಾಚೆ ಐದು ನಿಮಿಷ ನಿಂತು ಬನ್ನಿ. ಎರಡು ತಿಂಗಳ ಮರಿ ಮೂರು ಗಂಟೆಗಿಂತ ಹೆಚ್ಚು ಹೊತ್ತು ತಡೆದುಕೊಳ್ಳಲಾರದು, ಅದಕ್ಕೇ ಈ ಕಸರತ್ತು. ಹಗಲಲ್ಲಿ ನಡುಮನೆಯ ಮೂರು ಕಡೆ ಅರ್ಧರ್ಧ ಲೋಟ ನೀರು ಚೆಲ್ಲಿ, ಹಾಳೆಯಲ್ಲಿ ಹೆಸರಿರುವವರಿಂದಲೇ ಒರೆಸಿಸಿ.

ಒಂದು ಡಬ್ಬಿಯಲ್ಲಿ ದುಡ್ಡೂ ಹಾಕುತ್ತಾ ಬನ್ನಿ. ಮನೆಯ ಅನ್ನ, ಮೊಟ್ಟೆಯ ಜೊತೆಗೆ ನಾಯಿಯ ಆಹಾರ, ಲಸಿಕೆ, ಜಂತುಹುಳದ ಔಷಧಿ, ಮೈಗೆ ಕಚ್ಚುವ ಉಣ್ಣಿಗೆ ಮದ್ದು ಸೇರಿ ತಿಂಗಳಿಗೆ ಮೂರು ಸಾವಿರ ಎಂಬುದು ನನ್ನ ಕೈಬಿಗಿ ಲೆಕ್ಕ. ಕಾಯಿಲೆ ಬಿದ್ದ ತಿಂಗಳು ಆ ಲೆಕ್ಕ ಹಿಡಿಯುವುದಿಲ್ಲ.

ನಮ್ಮ ಬೀದಿಯ ಮನೆಯೊಂದರಲ್ಲಿ ಈ ಪ್ರಯೋಗ ಒಂಬತ್ತನೇ ದಿನ ನಿಂತಿತು. ಅವರು ಮೀನಿನ ತೊಟ್ಟಿ ತಂದರು. ಮಕ್ಕಳು ಖುಷಿಯಾಗಿದ್ದಾರೆ, ಅಮ್ಮ ಇನ್ನೂ ಖುಷಿಯಾಗಿದ್ದಾರೆ.

ಹೆಜ್ಜೆ 3: ಕ್ಯಾಲೆಂಡರ್ ನೋಡಿ

ಪ್ರಯೋಗದಲ್ಲಿ ಪಾಸಾದಿರಿ ಅನ್ನೋಣ. ಆದರೂ ಹಬ್ಬದ ದಿನ ಮಾತ್ರ ಮರಿ ತರಬೇಡಿ. ಎಂಟರಿಂದ ಹತ್ತು ವಾರದ ಮರಿಗೆ ಭಯ ಬೇಗ ಅಂಟಿಕೊಳ್ಳುವ ವಯಸ್ಸು. ತಾಯಿ, ಒಡಹುಟ್ಟಿದವರನ್ನು ಬಿಟ್ಟು ಬಂದ ಮೊದಲ ರಾತ್ರಿಯೇ ಮಂಚದ ಕೆಳಗೆ ನಡುಗುತ್ತಾ ಲಕ್ಷ್ಮಿ ಪಟಾಕಿ, ಆಟಂ ಬಾಂಬಿನ ಸದ್ದು ಕೇಳಿದರೆ, ಮುಂದೆ ಗುಡುಗಿಗೂ ಕುಕ್ಕರ್ ಸೀಟಿಗೂ ಅದು ಹಾಗೆಯೇ ನಡುಗಬಹುದು. ಮೇಲೆ ನೆಂಟರ ದಂಡು. ಮರಿ ಮಡಿಲಿನಿಂದ ಮಡಿಲಿಗೆ ಹಾಯುತ್ತಿರುತ್ತದೆ, ನಿದ್ದೆ ಇಲ್ಲ. ‘ಪಾಪ, ಒಂಚೂರು’ ಎಂದು ಯಾರೋ ಪಾಯಸ ನೆಕ್ಕಿಸುತ್ತಾರೆ. ಅದರಲ್ಲಿರುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಚಾಕೊಲೇಟ್, ಈರುಳ್ಳಿ, ಬೆಳ್ಳುಳ್ಳಿಯೂ ಆಗದು.

ನಮ್ಮಲ್ಲಿ ತುಳಸಿ ಹಬ್ಬದವರೆಗೂ ಪಟಾಕಿ ನಿಲ್ಲುವುದಿಲ್ಲ. ಕಾರ್ತಿಕ ಹುಣ್ಣಿಮೆ ದಾಟಲಿ. ಹಬ್ಬದ ದಿನ ಮಗುವಿನ ಕೈಗೆ ಒಂದು ಕೊರಳಪಟ್ಟಿ, ಒಂದು ಸ್ಟೀಲ್ ಬಟ್ಟಲು ಕೊಟ್ಟು ‘ಉಳಿದದ್ದು ಮುಂದಿನ ತಿಂಗಳು’ ಎನ್ನಿ. ಕಾಯುವ ಆ ತಿಂಗಳಲ್ಲಿ ಮಗು ಹೆಸರು ಹುಡುಕುತ್ತಿರುತ್ತದೆ. ಹೆಸರು ಹುಡುಕುವುದನ್ನೂ ಮರೆತುಬಿಟ್ಟರೆ ನಿಮಗೆ ಉತ್ತರ ಪುಕ್ಕಟೆ ಸಿಕ್ಕಿತು. ಇದು ನಮ್ಮೊಬ್ಬರ ರಗಳೆಯಲ್ಲ. ಬ್ರಿಟನ್ನಿನಲ್ಲಿ ಕ್ರಿಸ್‌ಮಸ್‌ಗೆ ಉಡುಗೊರೆ ಕೊಟ್ಟ ಮರಿಗಳನ್ನು ಜನ ಕೈಬಿಡುವುದು ಕಂಡು, ನಾಯಿ ಬರೀ ಕ್ರಿಸ್‌ಮಸ್‌ಗಲ್ಲ, ಅದರ ಜೀವಮಾನಕ್ಕೆ ಎಂಬ ಘೋಷಣೆ 1978ರಲ್ಲೇ ಹುಟ್ಟಿತ್ತು.

ಹೆಜ್ಜೆ 4: ಬಾಯಿ ತೆರೆದು ನೋಡಿ

ಎಲ್ಲಿ ಕೇಳಿದರೂ ‘ನಲವತ್ತೈದು ದಿನದ ಮರಿ ಸಾರ್’ ಅನ್ನುತ್ತಾರೆ. 2017ರ ಕೇಂದ್ರದ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಅಂದರೆ ನಲವತ್ತೈದು ದಿನ ನಿಜವೇ ಆಗಿದ್ದರೂ ತಪ್ಪು. ಮಾರುವ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು.

ನಾನು ಮೋಸ ಹೋದವನೇ. ಬುಟ್ಟಿಯಲ್ಲಿ ಮಲಗಿದ್ದ ಉಣ್ಣೆಯುಂಡೆಯಂಥ ಮರಿಯನ್ನು ತಾಯಿಯ ಮುಖ ನೋಡದೆ ಕೊಂಡುತಂದೆ. ಡಾಕ್ಟರು ಬಾಯಿ ಬಿಡಿಸಿ, ‘ಹಿಂದಿನ ಹಲ್ಲೇ ಬಂದಿಲ್ಲವಲ್ರೀ, ತಿಂಗಳೂ ತುಂಬಿಲ್ಲ’ ಎಂದರು. ಒಂದು ವಾರ ಸಿರಿಂಜಿನಲ್ಲಿ ಹಾಲೂಡಿಸಿದೆವು. ಆಮೇಲೆ ವಾಂತಿ, ರಕ್ತಭೇದಿ. ಪಾರ್ವೊ ಎಂಬ ವೈರಸ್ ಕಾಯಿಲೆ. ಮರಿ ಉಳಿಯಲಿಲ್ಲ. ಎಂಟು ವಾರದ ಮರಿಗೆ ಸಾಮಾನ್ಯವಾಗಿ ಸೂಜಿಯಂಥ ಇಪ್ಪತ್ತೆಂಟು ಹಾಲುಹಲ್ಲು ಇರುತ್ತವೆ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಅದಕ್ಕೇ ಹೇಳುತ್ತೇನೆ, ತುಟಿ ಎತ್ತಿ ನೋಡಿ. ತಾಯಿಯನ್ನು ತೋರಿಸಿ ಎನ್ನಿ. ತೋರಿಸದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ.

ಪಾರ್ವೊ ಸೇರಿದ ಲಸಿಕೆಯ ಮೊದಲ ಚುಚ್ಚು ಆರರಿಂದ ಎಂಟು ವಾರದೊಳಗೆ ಶುರುವಾಗಿ, ಮೂರು–ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ ಸಾಗುತ್ತದೆ. ರೇಬಿಸ್ ಚುಚ್ಚು ಮೂರು ತಿಂಗಳಿಗೆ. ಅದೆಲ್ಲ ಮುಗಿಯುವ ತನಕ ಬೇರೆ ನಾಯಿಗಳು ಓಡಾಡುವ ಬೀದಿಯಲ್ಲಿ ಮರಿಯನ್ನು ನೆಲಕ್ಕೆ ಬಿಡಬೇಡಿ. ಎತ್ತಿಕೊಂಡು ಊರು ತೋರಿಸಿ.

ತಳಿಯ ಬಗ್ಗೆ ಹೆಚ್ಚು ಹೇಳಲಾರೆ. ಹಿಮದ ಹಸ್ಕಿಯನ್ನು ಕಲಬುರಗಿಯ ಬಿಸಿಲಿಗೆ ತರುವುದು ಬೇಡ. ಮುಧೋಳ ನಮ್ಮದೇ ತಳಿ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಆದರೆ ಬೇಟೆಯ ಹಿಂದೆ ಓಡಲೆಂದೇ ಬೆಳೆಸಿದ ಆ ಕಾಲುಗಳನ್ನು ಎರಡು ಕೋಣೆಯ ಫ್ಲ್ಯಾಟಿನಲ್ಲಿ ಮಡಚಿಡುವುದು ಹೇಗೆ? ನಾನಾದರೆ ಬೀದಿಯ ಮರಿಯನ್ನೇ ದತ್ತು ತರುತ್ತೇನೆ, ಎರಡನೇ ಸಲ ತಂದದ್ದೂ ಅದನ್ನೇ. ಬೆಂಗಳೂರಿನಲ್ಲಿ 1991ರಿಂದ ಇರುವ ಕ್ಯೂಪಾದಂಥ ಪ್ರಾಣಿ ಕಲ್ಯಾಣ ಸಂಸ್ಥೆಗಳಲ್ಲಿ ದತ್ತು ತೆಗೆದುಕೊಳ್ಳಬಹುದು.

ಹೆಜ್ಜೆ 5: ಬಾಡಿಗೆ ಮನೆಯೇ?

ಓನರ್ ಒಪ್ಪಿಗೆ ಬರಹದಲ್ಲಿರಲಿ. ಅಪಾರ್ಟ್‌ಮೆಂಟ್ ಸಂಘ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಹಾಗಂತ ಲಿಫ್ಟಿನಲ್ಲಿ ಆದ ಹೊಲಸನ್ನು ಸೆಕ್ಯುರಿಟಿಯವರು ಬಳಿಯುತ್ತಾರೆ ಎಂದುಕೊಳ್ಳಬೇಡಿ.

ಹೆಜ್ಜೆ 6: ಬೇರೆಯವರ ಮನೆಗೆ ಕೊಡುವುದಾದರೆ

ಇದೀಗ ಹೊಸ ವಾಡಿಕೆ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ, ಊರಲ್ಲಿ ಅಪ್ಪ–ಅಮ್ಮ ಇಬ್ಬರೇ. ‘ಜೊತೆಗಿರಲಿ’ ಎಂದು ಹಬ್ಬಕ್ಕೆ ಬಂದವರು ಒಂದು ಲ್ಯಾಬ್ರಡಾರ್ ಮರಿ ಬಿಟ್ಟು ಹೋಗುತ್ತಾರೆ. ವರ್ಷ ತುಂಬುವಷ್ಟರಲ್ಲಿ ಅದು ಮೂವತ್ತು ಕಿಲೋ ತೂಗುತ್ತದೆ. ಬೆಕ್ಕು ಕಂಡರೆ ಎಳೆದೋಡುತ್ತದೆ. ಹಗ್ಗದ ಇನ್ನೊಂದು ತುದಿಯಲ್ಲಿ ಮಂಡಿನೋವಿನ ಎಪ್ಪತ್ತರ ಅಪ್ಪ. ಮಗ ಕೊಡಿಸಿದ್ದು ಎಂಬ ದಾಕ್ಷಿಣ್ಯಕ್ಕೆ ‘ಆಗೋದಿಲ್ಲಪ್ಪ’ ಎಂದು ಬಾಯಿಬಿಟ್ಟು ಹೇಳುವುದೂ ಇಲ್ಲ.

ಸರ್‌ಪ್ರೈಸ್ ಬೇಡ, ಫೋನ್ ಮಾಡಿ ಕೇಳಿ: ‘ಅಮ್ಮಾ, ನಾಯಿ ಸಾಕ್ತೀಯಾ?’ ಹೂಂ ಎಂದರೆ ಮರಿಗಿಂತ ನಾಲ್ಕೈದು ವರ್ಷದ, ಪಳಗಿದ ನಾಯಿ ವಾಸಿ. ಬೇಡ ಎಂದರೆ ಅಲ್ಲಿಗೆ ಬಿಡಿ. ‘ಬೇಡಪ್ಪ, ಗೇಟಿನ ಹತ್ರ ಕರಿಯ ಬರ್ತಾನಲ್ಲ, ದಿನಾ ಎರಡು ತುತ್ತು ಅವನಿಗೆ ಹಾಕ್ತೀನಿ’ ಅಂದಳೋ, ಆ ಕರಿಯನ ರೇಬಿಸ್ ಲಸಿಕೆಗೆ ದುಡ್ಡು ಕಳಿಸಿ.