ಸ್ಪೀಡ್ 94ಕ್ಕೇ ನಿಂತಿದ್ದರೆ ಮೊದಲು ಕೇಬಲ್ ನೋಡಿ

200 ಅಥವಾ 300 ಎಂಬಿಪಿಎಸ್ ಫೈಬರ್ ಪ್ಲಾನ್ ಹಾಕಿಸಿದ್ದೀರಿ, ಸ್ಪೀಡ್ ಟೆಸ್ಟ್ ಮಾತ್ರ 94-95 ದಾಟುತ್ತಿಲ್ಲವೇ? ಕಂಪನಿಗೆ ದೂರು ಕೊಡುವ ಮುಂಚೆ ರೌಟರಿನಿಂದ ಕಂಪ್ಯೂಟರಿಗೆ ಹೋಗುವ ಲ್ಯಾನ್ ಕೇಬಲ್ ಪರೀಕ್ಷಿಸಿ. ಆ ಅಂಕಿ ಬಂದರೆ ಸಂಪರ್ಕ 100 ಎಂಬಿಪಿಎಸ್ ಮಟ್ಟಕ್ಕೆ ಇಳಿದಿದೆ ಎಂದೇ ಬಹುತೇಕ ಅರ್ಥ. 100ಕ್ಕೆ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ (1000 ಎಂಬಿಪಿಎಸ್) ಎಂಟೂ ಬೇಕು. ಒಂದು ತಂತಿ ಸಡಿಲವಾದರೂ ಸಾಕು, ಸ್ಪೀಡ್ ಬೀಳುತ್ತದೆ.

ಗಿಗಾಬಿಟ್ ತಾಳುವ ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ ಹಾಕಿ. ಕನೆಕ್ಟರ್ ಹೊಸದಾಗಿ ಕಟ್ಟುವುದಾದರೆ ಕ್ಲಿಪ್ ಕೆಳಗಿರುವಂತೆ ಹಿಡಿದು ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. ರೌಟರಿನ ಪೋರ್ಟೇ 100ರದ್ದಾಗಿದ್ದರೆ ಕೇಬಲ್ ಬದಲಿಸಿ ಪ್ರಯೋಜನವಿಲ್ಲ. ಹಳೆಯ ಅಗ್ಗದ ಮಾಡೆಲ್‌ಗಳಲ್ಲಿ ಇದು ಸಾಮಾನ್ಯ.

ಕೇಬಲ್‌ನಲ್ಲಿ ಪೂರ್ತಿ ಬಂದು ವೈಫೈನಲ್ಲಿ ಮಾತ್ರ ಕಡಿಮೆಯಿದ್ದರೆ, ಫೋನನ್ನು ರೌಟರಿನ 5 ಗಿಗಾಹರ್ಟ್ಸ್ ವೈಫೈಗೆ ಜೋಡಿಸಿ. ಅದು ಗೋಡೆ ದಾಟುವುದರಲ್ಲಿ ದುರ್ಬಲ, ಹಾಗಾಗಿ ರೌಟರನ್ನು ಟಿವಿ ಹಿಂದೆ, ಕಬ್ಬಿಣದ ಬೀರು ಪಕ್ಕ ಇಡಬೇಡಿ. 2.4 ಗಿಗಾಹರ್ಟ್ಸ್ ವೈಫೈ ಬಳಸುವುದಾದರೆ ಚಾನೆಲ್ 1, 6, 11ರ ಪೈಕಿ ಅಕ್ಕಪಕ್ಕದವರು ಕಡಿಮೆ ಬಳಸುವುದನ್ನು ಆರಿಸಿ.

ಪದೇಪದೇ ನೆಟ್ ಕಡಿದುಹೋಗುತ್ತಿದ್ದರೆ ಮೋಡೆಮ್‌ನ ಸ್ಟೇಟಸ್ ಪುಟದಲ್ಲಿ ಆರ್‌ಎಕ್ಸ್ ಪವರ್ (ಫೈಬರಿನಿಂದ ಬರುವ ಬೆಳಕಿನ ಬಲ) ನೋಡಿ. ಮನೆಗಳಿಗೆ ಬರುವ ಸಾಮಾನ್ಯ ಜಿಪಾನ್ ಫೈಬರ್ ಲೈನಿನಲ್ಲಿ ಅದು -25 ಡಿಬಿಎಂಗಿಂತ (ಬೆಳಕಿನ ಬಲದ ಅಳತೆ) ಕೆಳಗೆ, ಅಂದರೆ -26ರ ಕಡೆಗೆ ಹೋಗಿದ್ದರೆ ಎಚ್ಚರ, -27 ಅಂಚು. ಹಳದಿ ಫೈಬರನ್ನು ಕೈಬಳೆಗಿಂತ ಚಿಕ್ಕದಾಗಿ ಸುತ್ತಬೇಡಿ. ಮಡಿಕೆಯಲ್ಲಿ ಬೆಳಕು ಸೋರುತ್ತದೆ. ಫೈಬರ್ ತುದಿಯನ್ನು ಕಣ್ಣಿಗೆ ಹಿಡಿದು ನೋಡಲೇಬೇಡಿ, ಆ ಲೇಸರ್ ಕಾಣುವುದಿಲ್ಲ. ಮೋಡೆಮ್‌ನ ಎಲ್‌ಒಎಸ್ ದೀಪ ಕೆಂಪಾಗಿದ್ದರೆ ಫೈಬರ್ ಸಿಗ್ನಲ್ಲೇ ಬರುತ್ತಿಲ್ಲ ಎಂದರ್ಥ, ಆಗ ನೇರವಾಗಿ ಲೈನ್‌ಮನ್ ಕರೆಸಿ.