ಮೂರು ಕೆಜಿ ಫೈಲು, ಒಂದೇ ಹಾಳೆ

ಮೊದಲ ಸಲ ಶಾಸಕರನ್ನು ನೋಡಲು ಹೋದಾಗ ನನ್ನ ಕೈಯಲ್ಲಿ ಮೂರು ಕೆಜಿ ತೂಕದ ಫೈಲಿತ್ತು. ಮಗಳ ರಿಪೋರ್ಟು, ಸ್ಕ್ಯಾನು, ಬಿಲ್ಲು ಎಲ್ಲಾ. ಅವಳಿಗೆ ಗೌಷರ್ ಅನ್ನೋ ಅಪರೂಪದ ಕಾಯಿಲೆ. ದೇಹದಲ್ಲಿ ಒಂದು ಕಿಣ್ವ ಸರಿಯಾಗಿ ಕೆಲಸ ಮಾಡದೆ, ಒಂದು ಬಗೆಯ ಕೊಬ್ಬು ಗುಲ್ಮ, ಲಿವರ್, ಮೂಳೆಮಜ್ಜೆಯಲ್ಲಿ ಸೇರುತ್ತಾ ಹೋಗುತ್ತದೆ. ಆ ಕಿಣ್ವವನ್ನು ಎರಡು ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಚಿಕಿತ್ಸೆ 1990ರ ದಶಕದಿಂದಲೇ ಇದೆ. ಆದರೆ ಜೀವನಪೂರ್ತಿ ಬೇಕು, ವಿಪರೀತ ದುಬಾರಿ. ಇಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂತು. ಅವರು ನೀರು ತರಿಸಿಕೊಟ್ಟರು, 'ನೋಡೋಣಮ್ಮಾ' ಅಂದರು. ಅಷ್ಟೇ.

ಮನೆಗೆ ಬಂದ ಮೇಲೆ ಹೊಳೆಯಿತು, ಅವರು ಏನು ಮಾಡಬೇಕು ಅಂತ ನಾನು ಹೇಳಿಯೇ ಇರಲಿಲ್ಲ.

ಎರಡನೇ ಸಲ ಒಂದೇ ಹಾಳೆ ಒಯ್ದೆ. ಜೊತೆಗೆ ಬೇರೆ ಬೇರೆ ಕಾಯಿಲೆಯ ಇನ್ನೂ ಮೂರು ಮನೆಯವರು ಬಂದರು. ಶಾಸಕರ ಮೊದಲ ಪ್ರಶ್ನೆ, 'ಇಂಥವರು ಎಷ್ಟು ಜನ ಇದ್ದೀರಿ?' ಮತ ಎಷ್ಟು ಅಂತಲೇ ಅರ್ಥ ಅಲ್ವಾ? ನನಗೇನೂ ಕೋಪ ಬರಲಿಲ್ಲ, ಅದು ಅವರ ಕೆಲಸ. ಉತ್ತರ ಹಾಳೆಯಲ್ಲೇ ಇತ್ತು. ಒಂದೊಂದು ಕಾಯಿಲೆಗೆ ಬೆರಳೆಣಿಕೆ ಜನ. ಆದರೆ ಇಂಥ ಅಪರೂಪದ ಕಾಯಿಲೆಗಳು 6,000ಕ್ಕೂ ಜಾಸ್ತಿ, ಎಲ್ಲ ಸೇರಿದರೆ ಜಗತ್ತಿನಲ್ಲಿ ಸುಮಾರು 30 ಕೋಟಿ ಜನ. ಅಮೆರಿಕ 1983ರಲ್ಲೇ ಇಂಥ ಔಷಧಿಗಳಿಗಾಗಿ ಕಾನೂನು ಮಾಡಿತು. 2021ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಈ ರೋಗಿಗಳ ಪರವಾಗಿ ಒಮ್ಮತದ ನಿರ್ಣಯ ಮಾಡಿದೆ. ಬೇರೆಯವರು ಮೊದಲೇ ಮಾಡಿದ್ದಾರೆ ಅಂದರೆ ರಾಜಕಾರಣಿಗಳಿಗೆ ಧೈರ್ಯ ಬರುತ್ತದೆ.

ಹಾಳೆಯ ಕೊನೆಯಲ್ಲಿ ಒಂದೇ ಬೇಡಿಕೆ. ದುಡ್ಡಲ್ಲ, ಸದನದಲ್ಲಿ ಒಂದು ಲಿಖಿತ ಪ್ರಶ್ನೆ: ಅಪರೂಪದ ಕಾಯಿಲೆಯವರು ಎಷ್ಟಿದ್ದಾರೆ, ಎಷ್ಟು ಮಂದಿಗೆ ಚಿಕಿತ್ಸೆ ಸಿಗುತ್ತಿದೆ? ಕೇಳುವವರಿಗೆ ಖರ್ಚಿಲ್ಲ, ಸರ್ಕಾರ ಮಾತ್ರ ಉತ್ತರ ಕೊಡಲೇಬೇಕು. ಕೊಟ್ಟದ್ದು ಕಡತದಲ್ಲಿ ಉಳಿಯುತ್ತದೆ.

ಇಲ್ಲಿ ಅವರ ಆಪ್ತ ಸಹಾಯಕರ ಬಗ್ಗೆ ಹೇಳಲೇಬೇಕು. ಮೊದಲ ಸಲ ನಾನು ಆ ಹುಡುಗನನ್ನು ಸರಿಯಾಗಿ ನೋಡಿಯೂ ಇರಲಿಲ್ಲ. ಪ್ರಶ್ನೆಯನ್ನು ನಿಯಮದ ಭಾಷೆಗೆ ತಿದ್ದಿದ್ದು, ಕೊಡಬೇಕಾದ ಕಡೆಯ ದಿನ ನೆನಪಿಸಿದ್ದು, ಮೂರು ಸಲ ಮುಂದೆ ಹೋದರೂ ಕೈಬಿಡದೆ ಹಿಂದೆ ಬಿದ್ದಿದ್ದು ಎಲ್ಲಾ ಅವನೇ. ಆಗಾಗ ಫೋನ್ ಮಾಡಿ, ಮಗಳು ಹೇಗಿದ್ದಾಳೆ ಅಂತ ಸುಮ್ನೆ ಎರಡು ಮಾತು ಹೇಳುತ್ತಿದ್ದೆ. ದೂರು ಹೇಳುತ್ತಿರಲಿಲ್ಲ.

ಎಂಟು ತಿಂಗಳಾದ ಮೇಲೆ ಉತ್ತರ ಬಂತು. ಅಂಥ ಅಂಕಿಅಂಶ ಸಂಗ್ರಹಿಸಿಲ್ಲ ಅಂತ ಒಂದೇ ಸಾಲು. ಜೊತೆಗಿದ್ದವರು ಕುಸಿದು ಕೂತರು. ನಾನು ಮಾತ್ರ ಅದನ್ನು ನಾಲ್ಕು ಪ್ರತಿ ಜೆರಾಕ್ಸ್ ಮಾಡಿಸಿದೆ. ಲೆಕ್ಕವೇ ಇಲ್ಲ ಅಂತ ಸರ್ಕಾರವೇ ಒಪ್ಪಿಕೊಂಡ ಮೇಲೆ, ರೋಗಿಗಳ ನೋಂದಣಿ ಪಟ್ಟಿ ಮಾಡಿ ಅಂತ ಕೇಳುವುದಕ್ಕೆ ಇನ್ನೇನು ಬೇಕು? ಮುಂದಿನ ಹಾಳೆಯಲ್ಲಿ ಅದನ್ನೇ ಬರೆದೆವು. ಈ ಸಲ ಶಾಸಕರೇ ಇನ್ನಿಬ್ಬರು ಶಾಸಕರಿಗೆ ಫೋನ್ ಹಚ್ಚಿದರು.